ಇಳಿಜಾರಿನ ಮೇಲಿನ ಹಡಗು

ಜನವರಿ ೯, ಗುರುವಾರ

ಮೂತಿ ನಡುಭಾಗಕ್ಕೆ ಕೂಡಲಿಲ್ಲ.

ದಿನವಿಡೀ ಆದದ್ದು ಇಷ್ಟೇ. ಬಾಡಿಗೆ ಕ್ರೇನು ಹಡಗಿನ ಮೂತಿಯ ಭಾಗವನ್ನು ಎತ್ತಿ ತಂದು, ನೀರಿನಂಚಿನ ಇಳಿಜಾರು ಕಟ್ಟೆಯ ಮೇಲೆ ಕಾದಿದ್ದ ನಡುಭಾಗದ ಎದುರಿಗೆ ಇಳಿಸಿತು. ತಳದಲ್ಲಿ ಎರಡೂ ಅಂಚು ಚೆನ್ನಾಗಿಯೇ ಮುಟ್ಟಿದವು. ಮೇಲೆ ಹೋಗುತ್ತಾ ಹೋಗುತ್ತಾ ಬಾಯಿ ಬಿಟ್ಟವು. ಎಡಗಡೆ ಮೇಲ್ಭಾಗದಲ್ಲಿ ನನ್ನ ಅಂಗೈ ಸಲೀಸಾಗಿ ಹೋಗುವಷ್ಟು ಸಂದು. ಬಲಗಡೆ ಒಂದು ಪ್ಲೇಟು ಇನ್ನೊಂದರ ಮೇಲೆ ಹತ್ತಿ ಕೂತಿದೆ.

ಇದು ಇವತ್ತೇ ಆಗಬೇಕಿತ್ತೇ? ಅಣ್ಣ ಕ್ಯಾಮೆರಾದವರನ್ನು ಬೇರೆ ಕರೆಸಿದ್ದ. ಅವನು ಮರದ ದಿಮ್ಮಿಯೊಂದರ ಮೇಲೆ ನಿಂತು, ಈ ದೇಶ ಸರಕು ಹಡಗು ಕಟ್ಟುವುದನ್ನೇ ಮರೆತುಬಿಟ್ಟಿದೆ, ನಾವು ನೆನಪಿಸುತ್ತಿದ್ದೇವೆ ಎಂದು ಭಾಷಣ ಮಾಡುತ್ತಿದ್ದ. ಅವರಲ್ಲೊಬ್ಬಳು ಮೇಲೆ ಕೈ ತೋರಿಸಿ ಆ ಬಿರುಕು ಏನು ಎಂದು ನನ್ನನ್ನು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಅಣ್ಣ, "ಅದಾ? ಒಳಗೆ ಗಾಳಿ ಆಡ್ಲಿ ಅಂತ," ಎಂದ. ಅವಳು ಬರೆದುಕೊಂಡಳು.

ನಾನು ಇಲ್ಲಿಗೆ ಬಂದದ್ದು ಒಂದು ವರ್ಷದ ಮಾತಿಗೆ. ನಗರದ ವಿನ್ಯಾಸ ಕಚೇರಿಯಲ್ಲಿ ಹಡಗಿನ ನಕ್ಷೆ ಬರೆದುಕೊಂಡು ನೆಮ್ಮದಿಯಾಗಿದ್ದೆ. ಮುಚ್ಚಿ ತುಕ್ಕು ಹಿಡಿದಿದ್ದ ಈ ಯಾರ್ಡನ್ನು ಅಣ್ಣ ಗುತ್ತಿಗೆಗೆ ಹಿಡಿದು ಕಂಪನಿ ಶುರು ಮಾಡಿದಾಗ, ಕಟ್ಟಿಸುವವರು ಯಾರೂ ಇಲ್ಲ, ಬಾ ಎಂದ. ಗಂಡನನ್ನು ಕೇಳಿದೆ. ಇವರು, ಹೋಗಿ ಬಾ, ಅಣ್ಣ ಕರೆದ ಮೇಲೆ ಇಲ್ಲ ಅನ್ನೋಕಾಗುತ್ತಾ ಎಂದರು. ಏಪ್ರಿಲ್ ಕೊನೆಗೆ ವರ್ಷ ಮುಗಿಯುತ್ತದೆ. ಕಚೇರಿಯಲ್ಲಿ ನನ್ನ ಕುರ್ಚಿ ಹಾಗೇ ಇಟ್ಟಿದ್ದಾರೆ. ಅಲ್ಲಿಯವರೆಗೆ ಹಲ್ಲು ಕಚ್ಚಿಕೊಂಡಿರಬೇಕು.

ಜನವರಿ ೧೧, ಶನಿವಾರ

ಕಾರಣ ತಿಳಿಯಿತು. ತಿಳಿಯದಿದ್ದರೇ ಚೆನ್ನಾಗಿತ್ತು.

ಡಿಸೆಂಬರಿನಲ್ಲಿ ನಾನು ಮನೆಗೆ ಹೋಗಿದ್ದಾಗ ನಡುಭಾಗವನ್ನು ಶೆಡ್ಡಿನಿಂದ ಹೊರಗೆ ತೆಗೆದಿದ್ದಾರೆ. ಒಳಗಿನ ಪಕ್ಕೆಲುಬುಗಳ ವೆಲ್ಡಿಂಗ್ ಅರ್ಧವೂ ಆಗಿರಲಿಲ್ಲ. ಪಕ್ಕೆಲುಬು ಇಲ್ಲದ ಹಡಗಿನ ಭಾಗ ಅಂದರೆ ಮುಚ್ಚಳವಿಲ್ಲದ ರಟ್ಟಿನ ಡಬ್ಬಿ. ಎತ್ತಿದಾಗ ತಿರುಚಿಕೊಂಡಿದೆ. ತಿರುಚಿಕೊಂಡದ್ದು ಯಾರ ಕಣ್ಣಿಗೂ ಬೀಳಲಿಲ್ಲ. ಉಳಿದ ವೆಲ್ಡಿಂಗ್ ಅದರ ಮೇಲೇ ಮಾಡಿ ಆ ತಿರುಚನ್ನು ಗಟ್ಟಿ ಮಾಡಿದ್ದಾರೆ. ಇಷ್ಟೆಲ್ಲ ಯಾಕೆ? ಬಂಡವಾಳ ಹಾಕಿದವರು ಬರುವಾಗ ಹೊರಗಡೆ ಏನಾದರೂ ದೊಡ್ಡದು ಕಾಣಲಿ ಎಂದು.

ಮೇಸ್ತ್ರಿಯನ್ನು ಬೈದೆ. ಬೇಡ ಅಂತ ಹೇಳಬೇಕಿತ್ತಲ್ಲ ಎಂದೆ. ಅವರು ತಲೆ ತುರಿಸಿಕೊಂಡರು. "ಹೇಳಿದೆ ಮೇಡಮ್. ನಿಮ್ಮಣ್ಣ ಹೆಗಲ ಮೇಲೆ ಕೈ ಹಾಕಿದ್ರು. ಅವರು ಕೈ ಹಾಕಿದ ಮೇಲೆ ಇಲ್ಲ ಅನ್ನೋಕೆ ಬಾಯೇ ಬರಲ್ಲ."

ಅದು ನಿಜವೇ. ಆ ಕೈ ನನ್ನ ಹೆಗಲ ಮೇಲೂ ಬಿದ್ದದ್ದಕ್ಕೇ ನಾನು ಇಲ್ಲಿರುವುದು.

ಹಳೆಯ ಕಂಟೇನರಿಗೆ ಕಿಟಕಿ ಕೊರೆದು ಮಾಡಿದ ನಮ್ಮ ಆಫೀಸಿನಲ್ಲಿ ಅಣ್ಣನೊಂದಿಗೆ ಜಗಳ ಆಯಿತು. ತಗಡಿನ ಗೋಡೆ, ಒಳಗೆ ಪಿಸುಗುಟ್ಟಿದ್ದೂ ಹೊರಗೆ ಕೇಳುತ್ತದೆ, ನಾವು ಪಿಸುಗುಟ್ಟಲೂ ಇಲ್ಲ. ಜ್ಯಾಕು, ಸರಪಳಿ ಹಾಕಿ ಎಳೆದು ಸೇರಿಸಿ ವೆಲ್ಡಿಂಗ್ ಮಾಡೋಣ ಎಂಬುದು ಅವನ ಪಟ್ಟು. ನಡುಭಾಗದ ಕೆಟ್ಟ ತುಂಡನ್ನು ಕತ್ತರಿಸಿ ತೆಗೆದು ಹೊಸದಾಗಿ ಕಟ್ಟಬೇಕು ಎಂಬುದು ನನ್ನದು.

"ಎಳೆದ್ರೆ ಸೇರುತ್ತೆ ತಾನೇ?"

"ಸೇರುತ್ತೆ. ಆಮೇಲೆ ಬಿಡಿಸ್ಕೊಳ್ಳೋಕೆ ದಿನಾ ಒದ್ದಾಡ್ತಾ ಇರುತ್ತೆ. ಸಮುದ್ರದಲ್ಲಿ ಅಲೆನೂ ಅದಕ್ಕೆ ಕೈ ಜೋಡಿಸುತ್ತೆ."

ನೀರಿಗಿಳಿಸುವ ದಿನವನ್ನು ಎಲ್ಲರಿಗೂ ಹೇಳಿಯಾಗಿದೆಯಂತೆ. ಹೇಳುವ ಮುನ್ನ ನನ್ನನ್ನು ಕೇಳಿದ್ದನೇ?

ಜನವರಿ ೨೦, ಸೋಮವಾರ

ಅಮ್ಮ ಫೋನ್ ಮಾಡಿದಳು. ಅವಳು ಇರುವುದು ಅಣ್ಣನ ಮನೆಯಲ್ಲಿ, ಹಾಗಾಗಿ ಅವನ ಕಡೆಯ ವಕಾಲತ್ತು. ಅವನು ಸರಿಯಾಗಿ ಊಟ ಮಾಡುತ್ತಿಲ್ಲವಂತೆ, ಅತ್ತಿಗೆಯ ಮೇಲೆ ರೇಗುತ್ತಾನಂತೆ. ನಾನೂ ಊಟ ಮಾಡುತ್ತಿಲ್ಲ ಎಂದೆ. "ನಿಮ್ಮಿಬ್ಬರ ಮಧ್ಯೆ ನಾನು ಮಾತ್ರೆ ನುಂಗೋದೇ ಮರೀತಿದ್ದೀನಿ," ಎಂದಳು. ಸಣ್ಣವರಿದ್ದಾಗ ಒಂದೇ ಸೈಕಲ್ಲಿಗೆ ಜಗಳವಾಡುತ್ತಿದ್ದೆವು, ಈಗ ಹಡಗು, ವ್ಯತ್ಯಾಸ ಅಷ್ಟೇ ಎಂದಳು. ನನಗೆ ನಗು ಬರಲಿಲ್ಲ.

ಅದು ಅಣ್ಣನ ಹಡಗು. ನನಗೇಕೆ ಜಗಳ?

ಫೆಬ್ರವರಿ ೩, ಸೋಮವಾರ

ಟಾರ್ಚು ಬಂದಿದ್ದರು. ಹಡಗು ಸಮುದ್ರಕ್ಕೆ ಯೋಗ್ಯವೇ ಎಂದು ಪರೀಕ್ಷಿಸಿ ಸಹಿ ಹಾಕುವ ಅಧಿಕಾರಿ ಇವರು. ಹಾಡಹಗಲಲ್ಲೂ ಟಾರ್ಚು ಹಿಡಿದು ಮೂಲೆ ಮೂಲೆ ಇಣುಕುವುದರಿಂದ ಬೆನ್ನ ಹಿಂದೆ ಆ ಹೆಸರು.

ಸಂದನ್ನು ನೋಡಿದರು. ಹತ್ತಿರ ಹೋಗಿ ನೋಡಿದರು, ಕೆಳಗೆ ಮಲಗಿ ನೋಡಿದರು. ಎಳೆದು ಸೇರಿಸಿದರೆ ಒಪ್ಪುವುದಿಲ್ಲ ಎಂದು ಅವರೇ ಹೇಳಿಬಿಟ್ಟರೆ ನನ್ನ ತಲೆನೋವು ಮುಗಿಯಿತು ಎಂದು ಕಾಯುತ್ತಿದ್ದೆ. ಹೇಳಲಿಲ್ಲ. ಹೇಗಾದರೂ ಸೇರಿಸಿ, ಸೇರಿಸಿದ ಮೇಲೆ ಕರೆಯಿರಿ, ಬಂದು ನೋಡುತ್ತೇನೆ ಎಂದು ಪ್ಯಾಂಟಿನ ಧೂಳು ಕೊಡವಿಕೊಂಡು ಹೊರಟರು. ಅಣ್ಣನ ಮುಖ ಅರಳಿತು. ನೋಡಿದೆಯಾ ಎನ್ನುವಂತೆ ನನ್ನ ಕಡೆ ತಿರುಗಿದ.

ನಾಳೆ ಹಡಗಿನ ಯಜಮಾನಿ ಬರುತ್ತಾರಂತೆ. ನೀನು ಸುಮ್ಮನಿರು, ನಾನು ಮಾತಾಡುತ್ತೇನೆ ಎಂದಿದ್ದಾನೆ.

ಫೆಬ್ರವರಿ ೪, ಮಂಗಳವಾರ

ಸುಮ್ಮನಿರಲಿಲ್ಲ.

ಈ ಹಡಗು ಕಟ್ಟಲು ಹೇಳಿರುವ ಹೆಂಗಸು ತಂದೆಯ ಕಾಲದಿಂದ ದ್ವೀಪಗಳಿಗೆ ಸಿಮೆಂಟು, ಧಾನ್ಯ ಸಾಗಿಸುವವರು. ಇರುವ ಹಡಗುಗಳೆಲ್ಲ ಪರದೇಶದವರು ಬಳಸಿ ಬಿಟ್ಟವು. ಹೊಸದು ಅಂತ ಇದೇ ಮೊದಲು. ತಮ್ಮದೇ ಹೆಲ್ಮೆಟ್ಟು ತಂದಿದ್ದರು. ಅಣ್ಣ ಬಣ್ಣದ ಮಾತಾಡುತ್ತಾ ಅವರನ್ನು ಬಲಗಡೆಯೇ ಸುತ್ತಿಸುತ್ತಿದ್ದ. ಅವರು ಮಾತು ಕೇಳುತ್ತಲೇ ಎಡಗಡೆಗೆ ಬಂದು ಏಣಿ ಹತ್ತಿದರು. ಆ ವಯಸ್ಸಿಗೆ ಸರಸರನೆ ಹತ್ತಿದರು, ಹಿಂದೆಯೇ ನಾನೂ. ಸಂದಿನಲ್ಲಿ ಕೈ ತೂರಿಸಿ ನನ್ನನ್ನು ಕೇಳಿದರು, "ಇದೇನಮ್ಮಾ, ಕಿಟಕಿನಾ?"

ಅಣ್ಣ ಕೆಳಗಿನಿಂದ ಏನೋ ಹೇಳತೊಡಗಿದ. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಯಾಕೆ ಹೀಗಾಯಿತು, ಎಳೆದು ಸೇರಿಸಿದರೆ ಏನಾಗಬಹುದು, ಕತ್ತರಿಸಿ ಕಟ್ಟಿದರೆ ಎಷ್ಟು ತಡ, ಎಲ್ಲ. ಅವರು ಏಣಿ ಇಳಿದರು. ಕಾರಿನಲ್ಲಿ ಕೂರುವಾಗ, "ಸರಿ, ಯೋಚನೆ ಮಾಡ್ತೀನಿ," ಎಂದರು.

ಗೇಟು ಮುಚ್ಚಿದ ಮೇಲೆ ಅಣ್ಣ ಕೂಗಾಡುತ್ತಾನೆ ಎಂದುಕೊಂಡಿದ್ದೆ. ಕೂಗಲಿಲ್ಲ. "ನಿನ್ನ ಸತ್ಯ ಇಟ್ಕೊಂಡು ನಾನೇನು ಮಾಡ್ಲಿ? ನೀರಲ್ಲಿ ತೇಲುತ್ತಾ ಅದು?" ಎಂದ. ನಿನಗೆ ತೋಚಿದಂತೆ ಮಾಡಿಕೋ ಎಂದು ಹೆಲ್ಮೆಟ್ಟನ್ನು ಮೇಜಿನ ಮೇಲಿಟ್ಟು ಹೋದ.

ಟೈರ್ ಅಂಗಡಿಯ ಮೇಲಿನ ನನ್ನ ಕೋಣೆಗೆ ಬಂದು ಅತ್ತೆ. ಕೆಳಗೆ ಟೈರಿಗೆ ಗಾಳಿ ತುಂಬುವ ಸದ್ದು, ಹಾಗಾಗಿ ಯಾರಿಗೂ ಕೇಳಿರಲಿಕ್ಕಿಲ್ಲ.

ಫೆಬ್ರವರಿ ೧೮, ಮಂಗಳವಾರ

ಕತ್ತರಿಸುತ್ತಿದ್ದೇವೆ. ಕಟ್ಟುವುದಕ್ಕಿಂತ ಬಿಚ್ಚುವುದು ಹೊಟ್ಟೆ ಉರಿಯುವ ಕೆಲಸ. ವೆಲ್ಡರುಗಳು ತಾವೇ ಹಾಕಿದ ಬೆಸುಗೆಯನ್ನು ತಾವೇ ಗ್ಯಾಸಿನಲ್ಲಿ ಸುಡುತ್ತಾ ಮುಖ ಊದಿಸಿಕೊಂಡಿದ್ದಾರೆ. ಕತ್ತರಿಸಿದ ಪ್ಲೇಟು ಬಿದ್ದಾಗ ಇಡೀ ಯಾರ್ಡು ನಡುಗುತ್ತದೆ. ಗ್ಯಾಸ್ ಸಿಲಿಂಡರಿನ ಲಾರಿ ಬರಬೇಕಾದ ದಿನ ಬರುವುದಿಲ್ಲ, ಬೇಡದ ದಿನ ಗೇಟಿಗೆ ಅಡ್ಡ ನಿಂತಿರುತ್ತದೆ. ಹೊಸ ಪ್ಲೇಟುಗಳನ್ನು ಬಿಸಿಲಲ್ಲಿ ಒಂದರ ಮೇಲೊಂದು ಪೇರಿಸಿ ಬಗ್ಗಿಸಿ ತಂದರು, ವಾಪಸ್ ಕಳಿಸಿದೆ.

ಇರುವ ವೆಲ್ಡರುಗಳಲ್ಲಿ ಎಲ್ಲರಿಗಿಂತ ಚೆನ್ನಾಗಿ ಕೆಲಸ ಮಾಡುವವಳು ಬಿಟ್ಟು ಹೋಗುತ್ತೇನೆಂದಳು. ಈ ಹಡಗು ನೀರಿಗಿಳಿಯುವುದಿಲ್ಲ ಎಂದು ಊಟದ ಹೊತ್ತಿನಲ್ಲಿ ಎಲ್ಲರೂ ಆಡಿಕೊಳ್ಳುತ್ತಿದ್ದಾರಂತೆ. ಇಳಿಯುತ್ತೆ, ಮಳೆಗಾಲಕ್ಕೆ ಮೊದಲು ಇಳಿಯುತ್ತೆ, ಆಮೇಲೆ ಇನ್ನೊಂದು ಕಟ್ಟೋದಿದೆ, ಅದರಲ್ಲಿ ನಿನಗೆ ತಂಡ ಕೊಡ್ತೀನಿ ಎಂದೆ. ಉಳಿದಳು. ಮಳೆಗಾಲಕ್ಕೆ ಮೊದಲು ಎಂದು ಯಾಕೆಂದೆನೋ. ಮಾತು ಬಂತು, ಆಡಿದೆ.

ಮಾರ್ಚ್ ೬, ಗುರುವಾರ

ಯಜಮಾನಿ ಪರದೇಶಕ್ಕೆ ಹೋಗಿದ್ದಾರಂತೆ, ಅಲ್ಲಿ ಮಾರಲು ನಿಲ್ಲಿಸಿರುವ ರೆಡಿ ಹಡಗೊಂದನ್ನು ನೋಡಲು. ಸುದ್ದಿ ಹೇಳಿದ್ದು ಟಾರ್ಚು.

ಅಣ್ಣ ಬಂದು ತುಂಬ ದಿನವಾಯಿತು. ಅವನ ಫೋನುಗಳೆಲ್ಲ ಈಗ ನನಗೆ ಬರುತ್ತವೆ. ವಿನ್ಯಾಸ ಕಚೇರಿಯ ಮುಖ್ಯಸ್ಥರೂ ಮಾಡಿದ್ದರು, ಏಪ್ರಿಲಿಗೆ ಬರುತ್ತೀರಲ್ಲ ಎಂದು ಖಾತ್ರಿ ಮಾಡಿಕೊಳ್ಳಲು. ಬರುತ್ತೇನೆ ಎಂದೆ. ಅಷ್ಟರಲ್ಲಿ ಮೇಸ್ತ್ರಿ ಕರೆದದ್ದರಿಂದ ಪೂರ್ತಿ ಮಾತಾಡಲಾಗಲಿಲ್ಲ.

ಮನೆಗೆ ಫೋನ್ ಮಾಡಿ ಇವರಿಗೆ ನನ್ನ ದಪ್ಪ ಚಪ್ಪಲಿ, ಉಳಿದ ಪುಸ್ತಕ, ಟೇಬಲ್ ಲ್ಯಾಂಪು ಕಳಿಸಿಕೊಡಿ ಎಂದೆ. "ಲ್ಯಾಂಪೂನಾ?" ಎಂದರು. ಇಲ್ಲಿಯ ಬಲ್ಬು ಕಣ್ಣಿಗೆ ಹೊಡೆಯುತ್ತದೆ, ಅದಕ್ಕೆ. ಅದರಲ್ಲೇನಿದೆ ಕೇಳುವಂಥದ್ದು?

ಮಾರ್ಚ್ ೨೯, ಶನಿವಾರ

ಬಂಡವಾಳದವರು ಬಂದರು. ಅಣ್ಣ ಬರಲಿಲ್ಲ, ಜ್ವರ ಎಂದು ಅತ್ತಿಗೆಯ ಕೈಲಿ ಹೇಳಿಸಿದ.

ಇಸ್ತ್ರಿ ಮುರಿಯದ ಅಂಗಿಯವರು ಮೂವರು. ಕಂಟೇನರಿನ ಒಳಗೆ ಬೆವರು ಒರೆಸಿಕೊಳ್ಳುತ್ತಾ, ಶೆಡ್ಡುಗಳು ಗಟ್ಟಿಮುಟ್ಟಾಗಿವೆ, ಜಾಗ ಬಂದರಿಗೆ ಹತ್ತಿರ, ಗೋದಾಮು ಮಾಡಿದರೆ ಹೇಗೆ ಎಂದರು. ಅಣ್ಣನಿಗೂ ಈ ವಿಷಯ ಹೇಳಿದ್ದಾರಂತೆ. ಅವನು ಯೋಚಿಸೋಣ ಎಂದನಂತೆ. ಅಣ್ಣ ಹಾಗೆ ಹೇಳಿದನೇ?

ನನಗೆ ಮೈ ಉರಿಯಿತು. ಅವರನ್ನು ಹೊರಗೆ ಕರೆದುಕೊಂಡು ಹೋದೆ. ಮಧ್ಯಾಹ್ನದ ಬಿಸಿಲಲ್ಲಿ ಹಡಗಿನ ಹೊಟ್ಟೆಯ ಕೆಳಗೆ ನಿಲ್ಲಿಸಿ ಮಾತಾಡಿದೆ. ಈ ಸಮುದ್ರದಲ್ಲಿ ಓಡುವ ಸಣ್ಣ ಸರಕು ಹಡಗುಗಳೆಲ್ಲ ಮುದಿಯಾಗಿವೆ, ಇನ್ನು ಕೆಲವೇ ವರ್ಷಗಳಲ್ಲಿ ಎಲ್ಲರಿಗೂ ಹೊಸದು ಬೇಕು, ಆಗ ಕಟ್ಟಿ ಗೊತ್ತಿರುವವರು ಯಾರಿರುತ್ತಾರೆ ಎಂದು ಕೇಳಿದೆ. ಮೊದಲ ಹಡಗಿನಲ್ಲಿ ಎಲ್ಲರೂ ಎಡವುತ್ತಾರೆ, ಎಡವಿದ್ದನ್ನು ಕಲಿತವರು ಇಲ್ಲೇ ನಿಂತಿದ್ದಾರೆ ಎಂದು ವೆಲ್ಡರುಗಳನ್ನು ತೋರಿಸಿದೆ. ಎರಡನೆಯದರ ಕೆಲಸ ಈ ವರ್ಷವೇ ಶುರು ಎಂದೆ. ಆರ್ಡರು ಬಂದಿದೆಯೇ ಎಂದು ಒಬ್ಬರು ಕೇಳಿದರು. "ಮಾತುಕತೆ ನಡೀತಿದೆ," ಎಂದೆ.

ಸುಳ್ಳೇನಲ್ಲ. ನಡೆಯಬೇಕಾದದ್ದೇ ತಾನೇ?

ಈ ಹಡಗು ಮುಗಿಯುವವರೆಗೆ ಗೋದಾಮಿನ ಮಾತು ಎತ್ತುವುದಿಲ್ಲ ಎಂದು ಹೋದರು. ಗಂಟಲು ಕಟ್ಟಿಹೋಗಿದೆ.

ಏಪ್ರಿಲ್ ೪, ಶುಕ್ರವಾರ

ಅಣ್ಣನ ಮನೆಗೆ ಹೋದೆ. ಜ್ವರವೂ ಇಲ್ಲ, ಏನೂ ಇಲ್ಲ. ಹಜಾರದಲ್ಲಿ ಅಮ್ಮನೊಂದಿಗೆ ಇಸ್ಪೀಟು ಆಡುತ್ತಾ ಕುಳಿತಿದ್ದ. ಗಡ್ಡ ಬಿಟ್ಟಿದ್ದಾನೆ, ಅಲ್ಲಲ್ಲಿ ಬಿಳಿ. ಅಮ್ಮ ಎಲೆಗಳನ್ನು ಎದೆಗೆ ಒತ್ತಿಕೊಂಡು, ನಿಮ್ಮ ಜಗಳ ಆಮೇಲೆ, ನಾನು ಗೆಲ್ಲುತ್ತಿದ್ದೇನೆ ಎಂದಳು.

ಗೋದಾಮಿಗೆ ಒಪ್ಪಿದೆಯಾ ಎಂದು ಕೇಳಿದೆ. ಅವನು ಬಹಳ ಹೊತ್ತು ಎಲೆ ಜೋಡಿಸಿಕೊಂಡ.

"ನನ್ನ ಹತ್ರ ಇದ್ದಿದ್ದು ಮಾತೊಂದೇ. ಎಲ್ಲರನ್ನೂ ನಂಬಿಸ್ತಿದ್ದೆ, ಅವರು ನಂಬಿದ್ದು ನೋಡಿ ನಾನೂ ನಂಬ್ತಿದ್ದೆ. ಅವತ್ತು ನೀನು ಏಣಿ ಮೇಲೆ ನಿಂತು ಹೇಳ್ತಿದ್ದಾಗ, ಮೇಸ್ತ್ರಿ, ವೆಲ್ಡರು ಎಲ್ಲ ನಿನ್ನನ್ನೇ ನೋಡ್ತಿದ್ರು. ನನಗೆ ಗೊತ್ತಾಯ್ತು, ಹಡಗು ಎಳೆದು ಸೇರಿಸು ಅಂದವನ ಮಾತಿಗೆ ಇನ್ನು ಬೆಲೆ ಇಲ್ಲ ಅಂತ."

ಅವನು ಹೀಗೆ ಮಾತಾಡುವುದು ಕೇಳಿದರೆ ನನಗೆ ಸಿಟ್ಟೇ ಬರುತ್ತದೆ, ಕನಿಕರವಲ್ಲ. ಎಲ್ಲವನ್ನೂ ಶುರು ಮಾಡಿ, ಮಧ್ಯದಲ್ಲಿ ಇಸ್ಪೀಟು ಆಡುತ್ತಾ ಕೂತರೆ? ಇಷ್ಟು ಬೇಗ ಕೈಚೆಲ್ಲುವವನು ಎಂದು ಗೊತ್ತಿರಲಿಲ್ಲ. ನಮ್ಮ ಹಡಗು ಅರ್ಧ ಹೊಟ್ಟೆ ಕುಯ್ದುಕೊಂಡು ನಿಂತಿದೆ, ಬಾ ಎಂದೆ. ಬರುತ್ತೇನೆ ಅನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ.

ಅತ್ತಿಗೆ ಬಸ್ ಸ್ಟಾಪಿನವರೆಗೆ ಬಂದರು. ನೀವು ಬಯ್ಯುತ್ತಿದ್ದರೆ ವಾಸಿ, ಸುಮ್ಮನೆ ಬಿಟ್ಟರೆ ಅವರು ಏಳುವುದೇ ಇಲ್ಲ ಎಂದರು.

ಏಪ್ರಿಲ್ ೧೪, ಸೋಮವಾರ

ಯಜಮಾನಿಯ ಫೋನು. ಪರದೇಶದ ಹಡಗನ್ನು ತಳದಿಂದ ತುದಿಯವರೆಗೆ ನೋಡಿ ಬಂದರಂತೆ.

"ಅಲ್ಲಿ ಏನು ಕೇಳಿದ್ರೂ ಎಲ್ಲಾ ಚೆನ್ನಾಗಿದೆ ಅಂದ್ರು. ಎಲ್ಲೆಲ್ಲಿ ಕೆಟ್ಟಿದೆ ಅಂತ ನಾನೇ ಹುಡುಕ್ಬೇಕಾಯ್ತು. ನಿಮ್ಮದರಲ್ಲಿ ನನಗೆ ಗೊತ್ತು. ಕಟ್ಟಿ, ತಗೋತೀನಿ. ಆದ್ರೆ ಇದೊಂದೇ. ಎರಡನೇದರ ಮಾತು ನನ್ನ ಹತ್ರ ಎತ್ತಬೇಡಿ."

ಎರಡನೆಯದಕ್ಕೂ ಇವರೇ ಎಂದು ನಂಬಿಕೊಂಡಿದ್ದೆವು. ಸಂತೋಷಪಡಬೇಕೋ ಬೇಡವೋ ತಿಳಿಯದೆ, ಸಿಲಿಂಡರಿನ ಲಾರಿಯವನ ಜೊತೆ ಜಗಳವಾಡಿದೆ.

ಮೇ ೫, ಸೋಮವಾರ

ಕ್ರೇನಿನ ತಂತಿಹಗ್ಗದಲ್ಲಿ ಎಳೆಗಳು ಹರಿದಿವೆ. ಹೊಸದು ಬರುವವರೆಗೆ ಎತ್ತುವ ಹಾಗಿಲ್ಲ. ನಾಲ್ಕು ಕಡೆ ಫೋನ್ ಮಾಡಿದೆ, ನಾಲ್ಕೂ ಕಡೆ ನಾಳೆ ಎಂದರು. ಆ ಪದವನ್ನೇ ಯಾರಾದರೂ ನಿಷೇಧಿಸಬೇಕು.

ವಿನ್ಯಾಸ ಕಚೇರಿಯಿಂದಲೂ ಕರೆ. ಈಗ ಬಿಡುವಿಲ್ಲ ಎಂದೆ. ಹಾಗಾದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಎಂದರು. ತೆಗೆದುಕೊಳ್ಳಿ ಎಂದೆ. ಆಮೇಲೆ ಐದನೆಯ ಕಡೆಯವರು ತಂತಿಹಗ್ಗ ಇದೆ ಎಂದರು, ಆದರೆ ಅಳತೆ ಬೇರೆ.

ಮೇ ೨೨, ಗುರುವಾರ

ಸೂರ್ಯ ಹುಟ್ಟುವ ಮೊದಲೇ ಎಲ್ಲರನ್ನೂ ಕರೆಸಿದ್ದೆ. ಬಿಸಿಲು ಬಿದ್ದರೆ ಒಂದು ಮಗ್ಗುಲು ಕಾದು ಉಕ್ಕು ಹಿಗ್ಗುತ್ತದೆ, ಅಳತೆ ನಂಬಲಾಗುವುದಿಲ್ಲ. ಹೊಸ ತುಂಡು ಆಗಲೇ ನಡುಭಾಗಕ್ಕೆ ಬೆಸೆದಾಗಿತ್ತು. ಕ್ರೇನು ಮೂತಿಯನ್ನು ಮತ್ತೆ ಎತ್ತಿತು. ಮೇಸ್ತ್ರಿ ಕೈಸನ್ನೆ ಮಾಡುತ್ತಾ ಇಳಿಸಿದರು, ಬೆರಳಷ್ಟು, ಉಗುರಷ್ಟು. ತಳ ಮುಟ್ಟಿತು. ನಾನು ಎಡಗಡೆಯ ಏಣಿ ಹತ್ತಿದೆ. ಅಂಚಿನ ಮೇಲೆ ಬೆರಳು ಆಡಿಸಿದೆ. ವೆಲ್ಡಿಂಗಿಗೆ ಬೇಕಾದಷ್ಟೇ ಗೆರೆ, ಮೇಲಿನಿಂದ ಕೆಳಗಿನವರೆಗೆ ಒಂದೇ ಸಮ.

ಬಲಗಡೆಯಿಂದ ಯಾರೋ, "ಇಲ್ಲೂ ಸರಿಯಾಗಿದೆ," ಎಂದರು. ಬಗ್ಗಿ ನೋಡಿದರೆ ಅಣ್ಣ. ಗಡ್ಡ ತೆಗೆದಿದ್ದ. ಹೆಲ್ಮೆಟ್ಟು ಹಾಕಿರಲಿಲ್ಲ. ಹೆಲ್ಮೆಟ್ಟು ಹಾಕದೆ ಯಾರೂ ಒಳಗೆ ಬರುವ ಹಾಗಿಲ್ಲ ಎಂದು ಎಲ್ಲರ ಮುಂದೆ ಬೈದೆ. ಹೋಗಿ ಹಾಕಿಕೊಂಡು ಬಂದ.

ಸಂಜೆ ಟಾರ್ಚು ಬೆಸುಗೆಯ ಮೊದಲ ಸುತ್ತು ನೋಡಿದರು. ಕೈಯಲ್ಲಿದ್ದ ಟಾರ್ಚನ್ನು ಆರಿಸಿ ಜೇಬಿಗೆ ಹಾಕಿಕೊಂಡರು. ಅವರಿಂದ ಅದೇ ದೊಡ್ಡ ಬಹುಮಾನ.

ಜೂನ್ ೧೯, ಗುರುವಾರ

ಮೊದಲ ಮಳೆ ಬಿದ್ದಾಗಿದೆ. ಇವತ್ತು ಬಿಡುವು ಕೊಟ್ಟಿತು, ಇಳಿಸಿದೆವು.

ಅದೂ ನೆಟ್ಟಗೆ ಆಗಲಿಲ್ಲ. ಯಜಮಾನಿ ಹಡಗನ್ನು ತಡೆದು ಹಿಡಿದಿದ್ದ ಕೊಂಡಿಯನ್ನು ಕೈಯಾರೆ ಕಳಚಿದರು. ಹಡಗು ಕದಲಲಿಲ್ಲ. ಬಂದವರೆಲ್ಲ ಉಸಿರು ಬಿಗಿ ಹಿಡಿದು, ಆಮೇಲೆ ಉಸಿರು ಬಿಟ್ಟು, ಆಮೇಲೆ ಒಬ್ಬರ ಮುಖ ಒಬ್ಬರು ನೋಡತೊಡಗಿದರು. ಹಡಗು ಜಾರಬೇಕಾದ ಹಳಿಗೆ ಬಳಿದ ಗ್ರೀಸು ಗಟ್ಟಿಯಾಗಿತ್ತೋ ಏನೋ. ಮೇಸ್ತ್ರಿ ಜ್ಯಾಕು ತರಲು ಓಡಿದರು. ಅಣ್ಣ ವೆಲ್ಡರುಗಳ ಮನೆಯವರ ನಡುವೆ ಹಿಂದೆಲ್ಲೋ ನಿಂತಿದ್ದವನು, ವೇದಿಕೆಯ ಕಡೆ ತಿರುಗಿಯೂ ನೋಡದೆ ಬಂದು ಜ್ಯಾಕಿನ ಹಿಡಿಗೆ ಕೈ ಹಾಕಿದ. ಮಾತಿಲ್ಲ, ಕತೆಯಿಲ್ಲ, ಒತ್ತಿದ. ಪಕ್ಕದಲ್ಲಿ ನಾನೂ ಒತ್ತಿದೆ. ಅವನ ಇಸ್ತ್ರಿ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

ಮೊದಲು ಒಂದು ಕಿರುಗುಟ್ಟುವಿಕೆ. ಆಮೇಲೆ ಗೋಡೆಯೊಂದು ನಡೆಯತೊಡಗಿದಂತೆ ನಮ್ಮ ಕಣ್ಣ ಮುಂದೆಯೇ ಅದು ಹೊರಟಿತು. ಸದ್ದಿಲ್ಲದೆ, ಮತ್ತೆ ಜೋರಾಗಿ. ನೀರು ಎರಡು ಪಾಲಾಗಿ ದಡಕ್ಕೆ ಬಂದು ಎಲ್ಲರ ಕಾಲು ನೆನೆಸಿತು. ಹಡಗು ಒಮ್ಮೆ ಬಾಗಿ, ನೆಟ್ಟಗಾಗಿ, ಸುಮ್ಮನೆ ನಿಂತಿತು.

ವೆಲ್ಡರ್ ಹೆಂಗಸು ಅಳುತ್ತಿದ್ದಳು. ಮಳೆಗಾಲಕ್ಕೆ ಮೊದಲು ಅಂದಿರಲ್ಲ ಮೇಡಮ್, ಸ್ವಲ್ಪ ಹೆಚ್ಚುಕಮ್ಮಿ ಆಯಿತು ಅಷ್ಟೇ ಎಂದಳು. ಅಣ್ಣ ಪಕ್ಕಕ್ಕೆ ತಿರುಗಿಕೊಂಡ. ನಾನು ಅಳಲಿಲ್ಲ. ಎಡಗಡೆ ಬಣ್ಣ ಎರಡು ಕಡೆ ಉಜ್ಜಿಹೋಗಿದ್ದು ಕಾಣಿಸುತ್ತಿತ್ತು.

ಹಿಂತಿರುಗಿ ನೋಡಿದರೆ ಇಳಿಜಾರು ಖಾಲಿ. ಅಷ್ಟು ಖಾಲಿ ಇರುತ್ತದೆ ಎಂದು ಯೋಚಿಸಿರಲೇ ಇಲ್ಲ.

ಜುಲೈ ೩, ಗುರುವಾರ

ಅಣ್ಣನೂ ನಾನೂ ಕಲ್ಲಿದ್ದಲು, ಮರಳು ಸಾಗಿಸುವ ಕಂಪನಿಯೊಂದರ ಕಚೇರಿಗೆ ಹೋಗಿದ್ದೆವು. ಅವರ ನಾಲ್ಕು ಹಡಗುಗಳಲ್ಲಿ ಮೂರಕ್ಕೆ ವಯಸ್ಸಾಗಿದೆ ಎಂದು ಬಂದರಿನಲ್ಲಿ ವಿಚಾರಿಸಿ ತಿಳಿದಿದ್ದೆ. ಬರುತ್ತೇವೆಂದು ಮೊದಲೇ ಹೇಳಿದ್ದರೂ ಬೆಳಿಗ್ಗೆಯೆಲ್ಲ ಕೂರಿಸಿದರು. ಪ್ಲಾಸ್ಟಿಕ್ ಕುರ್ಚಿ, ತಿರುಗದ ಫ್ಯಾನು, ಕುಡಿಯುವ ನೀರಿನ ಡಬ್ಬ ಬರಿದು. ಅಣ್ಣ ಹೋಗೋಣ ಬಾ, ಇವರು ಕೊಳ್ಳುವವರಲ್ಲ, ಮುಖ ನೋಡಿದರೆ ತಿಳಿಯುತ್ತದೆ ಎಂದು ಎರಡು ಸಲ ಎದ್ದ. ಎರಡು ಸಲವೂ ಅಂಗಿ ಹಿಡಿದು ಕೂರಿಸಿದೆ.

ಪಕ್ಕದಲ್ಲಿ ಹಗ್ಗ, ಬಣ್ಣ ಮಾರುವ ಏಜೆಂಟರೊಬ್ಬರು ಕಾಯುತ್ತಿದ್ದರು. ಹೊತ್ತು ಹೋಗಲೆಂದು ಅವರಿಗೆ ನಮ್ಮ ಹಡಗಿನ ಬಗ್ಗೆ ಹೇಳಿದೆ. ಎಷ್ಟು ಭಾರ ಹೊರುತ್ತದೆ, ಎಷ್ಟು ಕಡಿಮೆ ಆಳದ ನೀರಿನಲ್ಲೂ ಓಡುತ್ತದೆ, ಯಾವ ದ್ವೀಪಗಳಿಗೆಲ್ಲ ಹೋಗಬಹುದು. ಅವರು ಕೇಳುತ್ತಾ ಕೇಳುತ್ತಾ ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. ಅಣ್ಣ ಒಂದು ಥರ ನೋಡುತ್ತಿದ್ದ. ನನ್ನ ಮುಖದಲ್ಲಿ ಮಸಿಗಿಸಿ ಇರಬಹುದೆಂದು ಒರೆಸಿಕೊಂಡೆ.

ಊಟದ ಹೊತ್ತಿಗೆ ಒಬ್ಬ ಗುಮಾಸ್ತರು ಹೊರಗೆ ಬಂದು, ಸಾಹೇಬರಿಗೆ ಇವತ್ತು ಆಗುವುದಿಲ್ಲ, ನಾಳೆ ಬನ್ನಿ ಎಂದರು.

"ನಾಳೆ ಎಷ್ಟು ಗಂಟೆಗೆ ಬಾಗಿಲು ತೆಗೀತೀರಿ?" ಎಂದು ಕೇಳಿದೆ.

ಮೆಟ್ಟಿಲು ಇಳಿಯುವಾಗ ಅಣ್ಣ, "ನೀನು ಒಂದು ವರ್ಷ ಅಂತ ಬಂದಿದ್ದಲ್ವಾ?" ಎಂದ.

ಇಂಥ ಹೊತ್ತಿನಲ್ಲಿ ಇವನಿಗೆ ಇದೇ ಬೇಕಿತ್ತೇ? ಬೆಳಿಗ್ಗೆಯಿಂದ ಒಂದು ತೊಟ್ಟು ನೀರಿಲ್ಲ, ನಾಳೆಗೆ ದೊಡ್ಡ ನಕ್ಷೆ ಅಚ್ಚು ಹಾಕಿಸಬೇಕು, ಅಂಗಡಿ ಸಂಜೆಗೇ ಮುಚ್ಚುತ್ತದೆ. ಬೇಗ ಬೇಗ ಇಳಿ ಎಂದೆ.